ಹನಿ ನೀರಿನಲ್ಲೇ ಗೆದ್ದ ನನ್ನ ಕ್ರಿಸ್ಟಲ್ ರೆಡ್ ಸೀಗಡಿಗಳು

ವಾರಕ್ಕೆ 30 ಪರ್ಸೆಂಟ್ ನೀರು ಬದಲಿಸದೆ ಅಕ್ವೇರಿಯಂನಲ್ಲಿ ಕ್ರಿಸ್ಟಲ್ ರೆಡ್ ಅನ್ನೋ ಕೆಂಪು-ಬಿಳಿ ಪಟ್ಟೆಯ ಪುಟ್ಟ ಸೀಗಡಿ ಸಾಕೋದು ಆಗದ ಮಾತು ಅಂದವರೇ ಈಗ ನನ್ನ ಹತ್ತಿರ ಮರಿ ಕೇಳುತ್ತಿದ್ದಾರೆ. ನಾನು ಹದಿನೈದು ದಿನಕ್ಕೊಮ್ಮೆ 10 ಪರ್ಸೆಂಟ್ ಮಾತ್ರ ಬದಲಿಸುತ್ತೇನೆ, ಅದೂ ಹನಿ ಹನಿಯಾಗಿ. ವರ್ಷದ ಮೇಲಾಯಿತು. ಹತ್ತು ಹದಿನೈದರಿಂದ ಶುರುವಾದ ಟ್ಯಾಂಕಿನಲ್ಲಿ ಈಗ ನೂರೈವತ್ತಾದರೂ ಇರಬೇಕು.

ಮೊದಲು ಎಲ್ಲರ ಹಾಗೆ ನಾನೂ ವಾರಕ್ಕೊಮ್ಮೆ ಬಕೆಟ್ ಹಿಡಿದವನೇ. ಭಾನುವಾರ ನೀರು ಬದಲಿಸಿದರೆ ಮಂಗಳವಾರದ ಹೊತ್ತಿಗೆ ಒಂದೆರಡು ಸಾಯುತ್ತಿದ್ದವು. ಅಮೋನಿಯಾ ಸೊನ್ನೆ, ನೈಟ್ರೈಟ್ ಸೊನ್ನೆ, ನೈಟ್ರೇಟ್ 10ರ ಒಳಗೇ. ಟೆಸ್ಟ್ ಕಿಟ್ ಪ್ರಕಾರ ನೀರಿನಲ್ಲಿ ಏನೂ ತೊಂದರೆ ಇರಲಿಲ್ಲ. ಸತ್ತ ಒಂದನ್ನು ತಟ್ಟೆಯಲ್ಲಿಟ್ಟು ಬೆಳಕಿಗೆ ಹಿಡಿದು ನೋಡಿದೆ. ತಲೆಯ ಚಿಪ್ಪು ಮುಗಿದು ಮೈ ಶುರುವಾಗುವ ಕಡೆ ಸುತ್ತಲೂ ಬಿಳಿ ಉಂಗುರ. ಹಳೇ ಚಿಪ್ಪು ಬೆನ್ನ ಮೇಲೆ ಮಾತ್ರ ಸೀಳಬೇಕಿತ್ತು. ಸುತ್ತಲೂ ಬಿಟ್ಟುಕೊಂಡಿತ್ತು, ಪೊರೆ ಕಳಚಲಾಗದೆ ಒಳಗೇ ಸಿಕ್ಕಿಕೊಂಡು ಸತ್ತಿತ್ತು.

ಆಮೇಲೆ ಲೆಕ್ಕ ಹಾಕಿದೆ. ಟ್ಯಾಂಕಿನ ಟಿಡಿಎಸ್ (ನೀರಿನಲ್ಲಿ ಕರಗಿರುವ ಲವಣಗಳ ಅಳತೆ) 170ರ ಹತ್ತಿರ, ಬಕೆಟ್ಟಿನ ನೀರು 110. ಒಂದೇ ಸಲ ಸುರಿದರೆ ಸೀಗಡಿಗೆ ಅದು ಪೊರೆ ಬಿಡು ಅನ್ನುವ ಸೂಚನೆ. ಹೊಸ ಚಿಪ್ಪು ಇನ್ನೂ ತಯಾರಾಗಿರುವುದಿಲ್ಲ. ನೀರಿನ ಕೊಳೆಗಿಂತ ಈ ಏರುಪೇರೇ ಜಾಸ್ತಿ ಕೊಲ್ಲುತ್ತದೆ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ದುಡ್ಡು ಹೋದದ್ದು ಬಾಟಲಿಗಳಿಗೆ. ಪಿಎಚ್ (ನೀರಿನ ಆಮ್ಲೀಯತೆಯ ಅಳತೆ, ಕಡಿಮೆಯಾದಷ್ಟೂ ಹುಳಿ) ಇಳಿಸುವ ದ್ರಾವಣ ಹಾಕಿದರೆ ಸಂಜೆ 6.2 ತೋರಿಸುತ್ತದೆ, ನೀರಿನಲ್ಲಿ ಕೆಎಚ್ (ಪಿಎಚ್ ಇಳಿಯದಂತೆ ತಡೆಯುವ ಕಾರ್ಬೊನೇಟ್) ಇದ್ದರೆ ಬೆಳಿಗ್ಗೆ ಮತ್ತೆ ಮೇಲೆ. ಇನ್ನೊಬ್ಬರು ಹೇಳಿದರು ಅಂತ ಜಿಎಚ್ (ಕ್ಯಾಲ್ಸಿಯಂ, ಮೆಗ್ನೀಸಿಯಂನಿಂದ ಬರುವ ಗಡಸುತನ), ಕೆಎಚ್ ಎರಡನ್ನೂ ಏರಿಸುವ ಪುಡಿ ತಂದೆ. ಆಕ್ಟಿವ್ ಸಾಯಿಲ್, ಅಂದರೆ ಕೆಎಚ್ ಹೀರಿ ಪಿಎಚ್ ಇಳಿಸಿಡುವ ತಳದ ಮಣ್ಣು, ಇರುವ ಟ್ಯಾಂಕಿಗೆ ಅದು ಶತ್ರು. ಹಾಕಿದ ಕೆಎಚ್ ಅನ್ನೆಲ್ಲ ಸಾಯಿಲ್ ನುಂಗಿ ನುಂಗಿ, ಒಂದು ವರ್ಷವಾದರೂ ಬಾಳಬೇಕಾದದ್ದು ನಾಲ್ಕೈದು ತಿಂಗಳಿಗೇ ಸೋತುಹೋಯಿತು. ಇಡೀ ಟ್ಯಾಂಕಿನಲ್ಲಿ ಎಲ್ಲಕ್ಕಿಂತ ದುಬಾರಿ ಆ ಸಾಯಿಲ್ಲೇ, ಅಲ್ವಾ? ಬಾಟಲಿಗೆ ಸುರಿದ ದುಡ್ಡಿನಲ್ಲಿ ಇನ್ನೊಂದು ಆರ್‌ಓ ಯಂತ್ರವೇ ಬರುತ್ತಿತ್ತು.

ಈಗ ಮಾಡುವುದು ಇಷ್ಟೇ. ಟಿಡಿಎಸ್ 10ರ ಒಳಗಿರುವ ಆರ್‌ಓ ನೀರಿಗೆ ಜಿಎಚ್ ಮಾತ್ರ ಏರಿಸುವ ಪುಡಿ. ಟಿಡಿಎಸ್ 120-130, ಜಿಎಚ್ 5ರ ಆಸುಪಾಸು. ಜಿಎಚ್ ಕಿಟ್‌ನಲ್ಲಿ 5 ಮಿಲಿ ಬದಲು 10 ಮಿಲಿ ನೀರು ತಗೊಳ್ಳಿ, ಆಗ ಬಣ್ಣ ಬದಲಾಗುವವರೆಗೆ ಹಾಕುವ ಒಂದೊಂದು ಹನಿ ಅಂದರೆ ಅರ್ಧ ಡಿಗ್ರಿ. ಪುಡಿ ಬೆರೆಸಿ ಏರ್ ಸ್ಟೋನ್ ಹಾಕಿ ಕೆಲವು ಗಂಟೆ ಬಿಡುತ್ತೇನೆ. ಟ್ಯಾಂಕಿನಿಂದ 5 ಲೀಟರ್ ತೆಗೆದು, ಹೊಸ ನೀರಿನ ಬಕೆಟ್ಟನ್ನು ಟ್ಯಾಂಕಿಗಿಂತ ಎತ್ತರದಲ್ಲಿಟ್ಟು, ಅದರಿಂದ ಇಳಿಯುವ ಏರ್ ಪೈಪಿಗೆ ಗಂಟು ಹಾಕಿ ಸೆಕೆಂಡಿಗೆ ಎರಡು ಮೂರು ಹನಿ ಬೀಳುವ ಹಾಗೆ ಬಿಗಿಯುತ್ತೇನೆ. ರಾತ್ರಿ ಬಿಟ್ಟರೆ ಬೆಳಿಗ್ಗೆ ಹೊತ್ತಿಗೆ ಹೆಚ್ಚುಕಮ್ಮಿ ಪೂರ್ತಿ ಇಳಿದಿರುತ್ತದೆ. ಆವಿಯಾದ ನೀರಿನ ಜಾಗಕ್ಕೆ ಪುಡಿ ಹಾಕದ ಬರೀ ಆರ್‌ಓ. ಮೊದಲು ಟಿಡಿಎಸ್ 170ಕ್ಕೆ ಏರಿದ್ದು ಇಲ್ಲಿ ತಪ್ಪಿದ್ದಕ್ಕೇ. ಆವಿಯಾಗುವುದು ನೀರು ಮಾತ್ರ, ಲವಣ ಅಲ್ಲೇ ಉಳಿಯುತ್ತದೆ. ಅದರ ಮೇಲೆ ಮತ್ತೆ ಲವಣದ ನೀರು ಬಿದ್ದರೆ ಏರದೆ ಇನ್ನೇನು?

ಇಷ್ಟು ಕಡಿಮೆ ಬದಲಿಸಿಯೂ ನೈಟ್ರೇಟ್ ಏರದಿರುವುದಕ್ಕೆ ದಟ್ಟವಾದ ಪಾಚಿಗಿಡ, ದೊಡ್ಡ ಸ್ಪಂಜ್ ಫಿಲ್ಟರ್ ಮತ್ತು ವಾರಕ್ಕೆ ಎರಡೇ ಸಲ ಆಹಾರ ಕಾರಣ. ಎರಡು ಗಂಟೆಯಲ್ಲಿ ತಿಂದು ಮುಗಿಸದಿದ್ದರೆ ತೆಗೆದುಬಿಡುತ್ತೇನೆ. ಆಹಾರದ ವಿಷಯದಲ್ಲಿ ಇನ್ನೊಂದು ಗುಟ್ಟಿದೆ, ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಬಿಸಿಲ ಕಾಲದಲ್ಲಿ ನೀರು ತಣಿಸುವ ಚಿಲ್ಲರ್ ಯಂತ್ರದ ಬದಲು ನೀರಿನ ಮೇಲೆ ಸಣ್ಣ ಫ್ಯಾನ್ ಇಟ್ಟು ನೋಡಿದೆ. ಮೂರು ಡಿಗ್ರಿಯಷ್ಟು ಇಳಿಯಿತು, ನೀರು ಮಾತ್ರ ಎರಡರಷ್ಟು ಬೇಗ ಆವಿಯಾಯಿತು. ಒಣ ಬಾದಾಮಿ ಎಲೆಯಿಂದ ಪಿಎಚ್ ಇಳಿಯುತ್ತದೆ ಅಂತಾರೆ. ನನ್ನಲ್ಲಿ ಹೇಳಿಕೊಳ್ಳುವಷ್ಟು ಇಳಿಯಲಿಲ್ಲ. ಆದರೆ ಎಲೆ ಕೊಳೆಯುತ್ತಾ ಬಂದ ಹಾಗೆ ಅದರ ಮೇಲಿನ ಲೋಳೆ ಪದರವನ್ನು ಎರಡು ಮಿಲಿಮೀಟರ್ ಮರಿಗಳು ದಿನವಿಡೀ ಕೆರೆದು ತಿನ್ನುತ್ತಿದ್ದವು. ಆಮೇಲೆ ಎಲೆ ಇಲ್ಲದೆ ಟ್ಯಾಂಕ್ ಇಟ್ಟಿಲ್ಲ.

ಇನ್ನೊಂದು ಜಾತಿಯಾದ ಚೆರ್ರಿ ಸೀಗಡಿಗೆ ಪುಡಿಯ ಖರ್ಚೂ ಇಲ್ಲ. ನಲ್ಲಿ ನೀರಿಗೆ ಅಷ್ಟೇ ಆರ್‌ಓ ಬೆರೆಸಿದೆ, ಟಿಡಿಎಸ್ 200ರ ಮೇಲೆ ನಿಂತಿತು, ಜಿಎಚ್ 7. ಸಾಯಿಲ್ ಬೇಡ, ಮರಳು ಸಾಕು. ನಲ್ಲಿ ನೀರಿನಲ್ಲಿ ಶುದ್ಧಿಗೆ ಬೆರೆಸುವ ಕ್ಲೋರಮೈನ್ ಇದ್ದರೆ ಮಾತ್ರ ಸುಮ್ನೆ ಒಂದು ರಾತ್ರಿ ತೆರೆದಿಟ್ಟರೆ ಹೋಗುವುದಿಲ್ಲ, ಅದನ್ನು ನಿವಾರಿಸುವ ಕಂಡೀಷನರ್ ದ್ರಾವಣ ಬೇಕೇ ಬೇಕು.

ಕ್ರಿಸ್ಟಲ್ ಟ್ಯಾಂಕಿನ ಪಿಎಚ್ 6.2 ಇದ್ದದ್ದು ಈಚೆಗೆ 6.5 ತೋರಿಸುತ್ತಿದೆ. ಸಾಯಿಲ್ ಮುಗಿಯುತ್ತಾ ಬಂದಿದೆ ಅಂತ ಅರ್ಥ. ಸೀಗಡಿ ಇರುವ ಟ್ಯಾಂಕಿಗೇ ಹೊಸ ಸಾಯಿಲ್ ಹಾಕುವುದಿಲ್ಲ, ಮೊದಲ ಕೆಲವು ವಾರ ಅದು ಅಮೋನಿಯಾ ಬಿಡುತ್ತದೆ. ಪಕ್ಕದಲ್ಲಿ ಇನ್ನೊಂದು ಟ್ಯಾಂಕ್ ಕಟ್ಟಿ, ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾ ಬರಲಿ ಅಂತ ಹಳೇ ಸ್ಪಂಜನ್ನು ಅದರಲ್ಲಿ ಹಿಂಡಿದ್ದೇನೆ. ಅಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಯಲ್ಲಿ ನಿಂತ ಮೇಲೆ ಮೊದಲು ಗಂಡುಗಳನ್ನು ಬಿಡುತ್ತೇನೆ, ಮೊಟ್ಟೆ ಹೊತ್ತ ಹೆಣ್ಣುಗಳನ್ನು ಮರಿ ಹೊರಬಂದ ಮೇಲಷ್ಟೇ.