ಸ್ಟಡ್ ತಡೆಯುತ್ತದಾ? ತಳ್ಳಿ ನೋಡಿ

ಸ್ಟಡ್ ಅಂದರೆ ಉಕ್ಕಿನ ಬೀಮಿಗೆ ವೆಲ್ಡ್ ಮಾಡುವ, ತಲೆ ಇರುವ ಗಿಡ್ಡ ಸರಳು. ಕಾಂಕ್ರೀಟ್ ಸ್ಲ್ಯಾಬ್ ಬೀಮಿನ ಮೇಲೆ ಜಾರದಂತೆ ಹಿಡಿಯುವುದು ಅದರ ಕೆಲಸ. ಹುಬ್ಬಳ್ಳಿ ಪಕ್ಕದ ತಾರಿಹಾಳದ ನಮ್ಮ ಶೆಡ್ಡಿನಲ್ಲಿ ಪ್ರತಿ ಶಿಫ್ಟಿನ ಮೊದಲ ಎರಡು ಸ್ಟಡ್‌ಗಳಿಗೆ ಏಟು ತಪ್ಪಿದ್ದಲ್ಲ. ಸುತ್ತಿಗೆಯಿಂದ ಹೊಡೆದು ಸುಮಾರು 30 ಡಿಗ್ರಿ ಬಗ್ಗಿಸುತ್ತೇವೆ. ಬುಡದಲ್ಲಿ ಬಿರುಕು ಕಾಣದಿದ್ದರೆ ವೆಲ್ಡಿಂಗ್ ಗನ್ನಿನ ಸೆಟ್ಟಿಂಗ್ ಸರಿ ಇದೆ ಅಂತ ಅರ್ಥ. ಆಮೇಲೆ ಹಾಕುವ ಒಂದೊಂದು ಸ್ಟಡ್‌ನ ಬುಡವನ್ನೂ ಕಣ್ಣಿಂದ ನೋಡಬೇಕು. ಕರಗಿದ ಕಬ್ಬಿಣ ಸುತ್ತ ಬಳೆಯ ಹಾಗೆ ಕೂತಿರಬೇಕು. ಎಲ್ಲಾದರೂ ಬಳೆ ತುಂಡಾಗಿದ್ದರೆ ಅದರ ಎದುರು ದಿಕ್ಕಿಗೆ 15 ಡಿಗ್ರಿ ಬಗ್ಗಿಸಿ ನೋಡಿ. ತಡೆದರೆ ಹಾಗೇ ಬಿಡಿ, ಮತ್ತೆ ನೆಟ್ಟಗೆ ಮಾಡಲು ಹೋಗಬೇಡಿ.

ನಮ್ಮ ವೆಲ್ಡರ್ ಕಾಕಾ ಸುತ್ತಿಗೆ ತಾಗಿಸಿ ಸದ್ದು ಕೇಳಿಯೇ ಹೇಳುತ್ತಾರೆ: "ಠಣ್ ಅಂದ್ರ ಪಾಸ್ ಸರ್ರ, ಠಪ್ ಅಂದ್ರ ಕಿತ್ ಹಾಕ್ರಿ." ಆದರೆ ಇದೆಲ್ಲ ವೆಲ್ಡಿಂಗ್ ಪರೀಕ್ಷೆ ಅಷ್ಟೇ. ಪ್ರಿಕಾಸ್ಟ್ (ಮೊದಲೇ ಎರಕ ಹೊಯ್ದ) ಸ್ಲ್ಯಾಬ್‌ನ ಪಾಕೆಟ್‌ನಲ್ಲಿ, ಅಂದರೆ ಸ್ಟಡ್‌ಗಾಗಿ ಬಿಟ್ಟ ಕಿಂಡಿಯಲ್ಲಿ, ಗ್ರೌಟ್ (ಸುರಿಯುವಷ್ಟು ತೆಳು ಸಿಮೆಂಟ್ ಗಾರೆ) ಹಾಕಿ ಕೂರಿಸಿದ ಮೇಲೆ ಆ ಸ್ಟಡ್ ಎಷ್ಟು ಭಾರ ತಡೆಯುತ್ತದೆ ಅಂತ ತಿಳಿಯಲು ಪುಷ್-ಔಟ್ ಟೆಸ್ಟೇ, ಅಂದರೆ ಬೀಮನ್ನು ತಳ್ಳಿ ನೋಡುವ ಪರೀಕ್ಷೆಯೇ ಬೇಕು. ಉಕ್ಕು-ಕಾಂಕ್ರೀಟ್ ಕೂಡಿಸಿ ಕಟ್ಟುವುದಕ್ಕೆ ಯುರೋಪಿನ ನಿಯಮಾವಳಿಯಾದ ಯೂರೋಕೋಡ್ 4ರ ಅನೆಕ್ಸ್ ಬಿ ನಲ್ಲಿ ಅದರ ಕ್ರಮ ಇದೆ.

ಮಧ್ಯೆ ನೆಟ್ಟಗೆ ನಿಂತ ಒಂದು ಬೀಮ್ ತುಂಡು. ಎರಡೂ ಫ್ಲೇಂಜಿಗೆ (ಬೀಮಿನ ಎರಡು ಬದಿಯ ಅಗಲ ಪಟ್ಟಿಗೆ) ಒಂದೊಂದು ಸ್ಲ್ಯಾಬ್. ಸ್ಲ್ಯಾಬ್‌ಗಳ ಕಾಲು ನೆಲದ ಮೇಲೆ, ಬೀಮ್ ಮಾತ್ರ ನೆಲದಿಂದ ಮೇಲೆ. ಬೀಮಿನ ತಲೆ ಒತ್ತಿದರೆ ಸ್ಟಡ್‌ಗಳೇ ಅದನ್ನು ತಡೆಯಬೇಕು. ಇಂಥವು ಮೂರು ಬೇಕು, ಮೂರೂ ಒಂದೇ ತರ. ಸ್ಲ್ಯಾಬ್‌ನ ದಪ್ಪ, ಸರಳು, ಪಾಕೆಟ್ ಅಳತೆ ಎಲ್ಲ ಸೈಟಿನಲ್ಲಿ ಹಾಕುವಂತೆಯೇ ಇರಲಿ.

ಇಲ್ಲಿ ಒಂದು ತಾಪತ್ರಯ ಇದೆ. ಸೈಟಿನಲ್ಲಿ ಗ್ರೌಟ್ ಮೇಲಿಂದ ಬೀಳುತ್ತದೆ. ಇಲ್ಲೂ ಹಾಗೇ ಬೀಳಬೇಕಾದರೆ ಒಂದು ಬದಿ ತುಂಬಿಸಿ, ಅದು ಗಟ್ಟಿಯಾದ ಮೇಲೆ ಮಗುಚಿ ಇನ್ನೊಂದು ಬದಿ ತುಂಬಿಸಬೇಕು. ಆಗ ಎರಡು ಬದಿಯ ಗ್ರೌಟಿಗೆ ಬೇರೆ ಬೇರೆ ವಯಸ್ಸು. ಅದಕ್ಕೆ ನಾವು ಬೀಮನ್ನು ಉದ್ದಕ್ಕೆ ಸೀಳಿ ಎರಡು ಟೀ (T ಆಕಾರದ ತುಂಡು) ಮಾಡುತ್ತೇವೆ. ಎರಡನ್ನೂ ಮಲಗಿಸಿ ಒಂದೇ ದಿನ ಗ್ರೌಟ್ ಹಾಕಿ, ಆಮೇಲೆ ಬೋಲ್ಟ್ ಹಾಕಿ ಸೇರಿಸುತ್ತೇವೆ. ಫ್ಲೇಂಜಿಗೆ ಗ್ರೀಸ್ ಹಚ್ಚುವುದು ಮರೆಯಬೇಡಿ. ಇಲ್ಲದಿದ್ದರೆ ಅಂಟಿನ ಬಲವೂ ಸ್ಟಡ್‌ನ ಲೆಕ್ಕಕ್ಕೆ ಸೇರುತ್ತದೆ. ಸ್ಟಡ್‌ಗೆ ಮಾತ್ರ ಗ್ರೀಸ್ ತಾಗಬಾರದು.

ಪಾಕೆಟ್‌ನ ಗೋಡೆ ಒದ್ದೆ ಇರಲಿ, ತಳದಲ್ಲಿ ನೀರು ನಿಲ್ಲಬಾರದು. ಏಪ್ರಿಲ್‌ನ ಹುಬ್ಬಳ್ಳಿ ಬಿಸಿಲಿನಲ್ಲಿ ಮಧ್ಯಾಹ್ನ ಗ್ರೌಟ್ ಕಲಸಿದರೆ ಕೈಯಲ್ಲೇ ಬಿಗಿಯುತ್ತದೆ, ಸಂಜೆಗೆ ಇಟ್ಟುಕೊಳ್ಳಿ. ಒಂದೇ ಬದಿಯಿಂದ ಸುರಿಯಿರಿ, ಗಾಳಿ ಇನ್ನೊಂದು ಬದಿಯಿಂದ ಹೊರಗೆ ಹೋಗಲಿ. ಜೊತೆಗೆ ಬಲ ನೋಡಲು ಕ್ಯೂಬ್‌ಗಳನ್ನೂ ಹಾಕಿಡಿ. ಟೆಸ್ಟ್ ದಿನ ಕಾಂಕ್ರೀಟಿನ ಬಲ ಸೈಟಿಗೆ ಹೇಳಿದ ಬಲದ 70%ರ ಆಸುಪಾಸು ಇರಬೇಕು ಅನ್ನುತ್ತದೆ ಕೋಡ್. ಪೂರ್ತಿ ಗಟ್ಟಿಯಾಗಲಿ ಅಂತ ಕಾದರೆ ಅಂಕಿ ಚೆಂದ ಬರುತ್ತದೆ, ಆದರೆ ಅದು ನಮಗೆ ನಾವೇ ಹಾಕಿಕೊಳ್ಳುವ ಟೋಪಿ.

ಮೊದಲ ಸಲ ನಾನು ಕೆಟ್ಟದ್ದು ಮಷಿನ್ ಹತ್ತಿರ. ಸ್ಲ್ಯಾಬ್‌ನ ಕಾಲು ನೆಟ್ಟಗಿದೆ ಅಂತ ಸುಮ್ನೆ ಹಾಗೇ ಇಟ್ಟೆ. 300 ಕಿಲೋನ್ಯೂಟನ್ (ಸುಮಾರು 30 ಟನ್ ಭಾರ) ದಾಟುವಷ್ಟರಲ್ಲಿ ಎಡಗಡೆ ಸ್ಲ್ಯಾಬ್ ಉದ್ದಕ್ಕೆ ಸೀಳಿತು, ಬಲಗಡೆಯದಕ್ಕೆ ಏನೂ ಆಗಿರಲಿಲ್ಲ. ಭಾರವೆಲ್ಲ ಒಂದೇ ಕಾಲಿನ ಮೇಲೆ ಬಿದ್ದಿತ್ತು. ಒಂದು ತಿಂಗಳ ಕೆಲಸ ಹಾಳು. ಈಗ ಪ್ಲಾಸ್ಟರ್ ಆಫ್ ಪ್ಯಾರಿಸ್ ಅನ್ನು ಗಟ್ಟಿ ಮಜ್ಜಿಗೆಯ ಹದಕ್ಕೆ ಕಲಸಿ ಎರಡೂ ಕಾಲಿನ ಕೆಳಗೆ ಹಾಸಿ, ಅದು ಒಣಗುವ ತನಕ ಗಿರ್ಮಿಟ್ ತಿಂದು ಬರುತ್ತೇವೆ.

ಎಷ್ಟು ಜಾರಿತು ಅಂತ ಅಳೆಯಲು ಡಯಲ್ ಗೇಜ್ ನಾಲ್ಕು ಬೇಕು, ಸ್ಲ್ಯಾಬ್‌ಗೆ ಎರಡರಂತೆ. ಮ್ಯಾಗ್ನೆಟ್ ಬೀಮಿಗೆ ಹಿಡಿಯಲಿ, ಗೇಜಿನಿಂದ ಚಾಚಿದ ಕಡ್ಡಿ ಸ್ಲ್ಯಾಬ್‌ಗೆ ಅಂಟಿಸಿದ ಪಟ್ಟಿಯ ಮೇಲೆ ಕೂರಲಿ. ಗೇಜನ್ನು ಮಷಿನ್ನಿನ ಮೇಜಿಗೆ ಹಿಡಿಸಿದರೆ ಪ್ಲಾಸ್ಟರ್ ಕುಸಿದಿದ್ದೂ ಸ್ಟಡ್ ಜಾರಿದ್ದೂ ಒಂದೇ ಲೆಕ್ಕಕ್ಕೆ ಹೋಗುತ್ತದೆ.

19 ಮಿಲಿಮೀಟರ್‌ನ ಎಂಟು ಸ್ಟಡ್ ಇವೆ, ಒಂದೊಂದಕ್ಕೆ 110 ಕಿಲೋನ್ಯೂಟನ್ ಅಂದಾಜು ಅಂತಿಟ್ಟುಕೊಳ್ಳಿ. ಒಟ್ಟು 880. ಸಾವಿರದ ಮಷಿನ್ ಸಾಕು ಅನ್ನಿಸುತ್ತದೆ, ಅಲ್ವಾ? ಸ್ಟಡ್ ಅಂದಾಜಿಗಿಂತ ಗಟ್ಟಿ ಬಂದರೆ ಮುರಿಯುವ ಮೊದಲೇ ಮಷಿನ್ ಸೋಲುತ್ತದೆ. 2000ದ್ದೇ ಹುಡುಕಿ. ಮೊದಲು 40%, ಅಂದರೆ 352ರ ತನಕ ಏರಿಸಿ. ಆಮೇಲೆ 5% ಮತ್ತು 40%ರ ನಡುವೆ, 44ರಿಂದ 352ರ ತನಕ, 25 ಸಲ ಇಳಿಸಿ ಏರಿಸಿ. ಬೇಜಾರಿನ ಕೆಲಸ ನಿಜ, ಆದರೆ ಬಿಡುವಂತಿಲ್ಲ. ಕೊನೆಗೆ ಮುರಿಯುವ ತನಕ ಒತ್ತಿ. 15 ನಿಮಿಷಕ್ಕಿಂತ ಮೊದಲು ಮುರಿಯಬಾರದು, ಅಷ್ಟು ನಿಧಾನ.

ಭಾರ ಇಳಿಯಲು ಶುರುವಾದ ತಕ್ಷಣ ಮಷಿನ್ ಆಫ್ ಮಾಡುವ ಹುಡುಗರೇ ಜಾಸ್ತಿ. ಹಾಗೆ ಮಾಡಬೇಡಿ. ಗರಿಷ್ಠ ಭಾರದಿಂದ 20% ಇಳಿಯುವ ತನಕ ಗೇಜ್ ಬರೆದುಕೊಳ್ಳುತ್ತಾ ಹೋಗಿ. ಸ್ಟಡ್ ಜಾರಿ ಜಾರಿ ಸೋಲುತ್ತದೋ, ಪಟ್ ಅಂತ ಮುರಿಯುತ್ತದೋ ಅನ್ನುವುದು ಅಲ್ಲೇ ಗೊತ್ತಾಗುವುದು.

ಮೂರರಲ್ಲಿ ಸ್ಟಡ್‌ಗೆ 108, 112, 104 ಬಂತು ಅನ್ನಿ. ಸರಾಸರಿ 108. ಯಾವುದೂ ಅದರಿಂದ 10%ಕ್ಕಿಂತ ಆಚೆ ಇಲ್ಲ. ಹಾಗಾಗಿ ಕಡಿಮೆಯದಾದ 104ಕ್ಕೆ 0.9 ಗುಣಿಸಿ 93.6 ಬರೆದುಕೊಳ್ಳಿ. ಜಾರಿಕೆಗೂ ಹಾಗೇ: ಭಾರ ಇಳಿಯುತ್ತಾ ಈ 93.6ಕ್ಕೆ ಬಂದಾಗ ಎಷ್ಟು ಜಾರಿತ್ತು ಅಂತ ಮೂರರಲ್ಲೂ ನೋಡಿ, ಕಡಿಮೆಯದರಲ್ಲಿ 10% ಕಳೆಯಿರಿ. 6 ಮಿಲಿಮೀಟರ್ ಅಥವಾ ಜಾಸ್ತಿ ಉಳಿದರೆ ಪಟ್ ಅಂತ ಮುರಿಯದೆ ಬಾಗುವ ಗುಣ ಇದೆ ಎಂದು ಒಪ್ಪಬಹುದು.

ಆಮೇಲೆ ಪಾಕೆಟ್ ಒಡೆದು ನೋಡಿ. ಸ್ಟಡ್ ಬುಡದಲ್ಲಿ ಕತ್ತರಿಸಿದೆಯೋ, ಗ್ರೌಟ್ ಪುಡಿಯಾಗಿದೆಯೋ, ಫೋಟೋ ತೆಗೆದಿಡಿ. ಸ್ಟಡ್‌ನ ತಲೆಯ ಕೆಳಗೆ ಬೆರಳು ಹೋಗುವಷ್ಟು ಪೊಳ್ಳು ಸಿಕ್ಕರೆ ಅಂಕಿ ಎಷ್ಟೇ ಚೆನ್ನಾಗಿರಲಿ, ಗ್ರೌಟ್ ಸುರಿಯುವ ಕ್ರಮ ಬದಲಿಸಿ ಮೂರನ್ನೂ ಮತ್ತೆ ಮಾಡಿ.