ಯಕ್ಷಗಾನ ಆಟದ ರೆಕಾರ್ಡಿಂಗಿಗೆ ಟ್ಯಾಗ್ ಬೇಕೆ? ಬೇಕಾದರೆ ಹಾಕುವುದು ಹೇಗೆ?

ಮೇ ಕೊನೆಯ ಪತ್ತನಾಜೆಗೆ ಮೇಳಗಳು (ಯಕ್ಷಗಾನದ ತಂಡಗಳು) ಗೆಜ್ಜೆ ಬಿಚ್ಚಿ, ಮಳೆ ಹಿಡಿದುಕೊಂಡ ಮೇಲೆ ಉಡುಪಿ, ಮಂಗಳೂರಿನ ಯಕ್ಷಗಾನದ ಮರುಳರಿಗೆ ಗತಿ ಪೆನ್ ಡ್ರೈವಿನಲ್ಲಿರುವ ಆಟಗಳೇ. ಅದನ್ನು ಕಂಪ್ಯೂಟರಿಗೆ ಸಿಕ್ಕಿಸಿದರೆ ಕಾಣುವುದೇನು? ‘ಟ್ರ್ಯಾಕ್ 01’, ‘ಟ್ರ್ಯಾಕ್ 02’, ‘ನ್ಯೂ ರೆಕಾರ್ಡಿಂಗ್ 17’. ಯಾವ ಮೇಳ, ಯಾವ ಪ್ರಸಂಗ (ಆಡಿದ ಕತೆ), ಪದ (ಹಾಡು) ಹೇಳಿದವರು ಯಾರು ಎಂಬುದು ಹಾಕಿ ಕೇಳಿದರಷ್ಟೇ ಗೊತ್ತು. ಕೇಳಿಯೂ ಗುರುತು ಹಿಡಿಯಬಲ್ಲ ಹಿರಿಯರು ಮನೆಯಲ್ಲಿ ಎಷ್ಟು ದಿನ ಇರುತ್ತಾರೆ?

ಹಾಡಿನ ಕಡತದ ಒಳಗೇ ಹೆಸರು, ಹಾಡಿದವರು, ಇಸವಿ ಇತ್ಯಾದಿ ಬರೆದಿಡುವ ಜಾಗಕ್ಕೆ ಟ್ಯಾಗ್ ಎನ್ನುತ್ತಾರೆ. ‘ಫೋಲ್ಡರಿಗೆ ಹೆಸರು ಕೊಟ್ಟಿದ್ದೇನೆ, ಮತ್ತೆ ಟ್ಯಾಗ್ ಯಾಕೆ?’ ಎನ್ನುವವರಿದ್ದಾರೆ. ಫೋಲ್ಡರ್ ನಿಮ್ಮ ಮನೆಯಲ್ಲೇ ಉಳಿಯುತ್ತದೆ, ಕಡತ ಊರೂರು ತಿರುಗುತ್ತದೆ. ವಾಟ್ಸಾಪಿನಲ್ಲಿ ಆಡಿಯೊ ಎಂದು ಕಳಿಸಿದರೆ ಅತ್ತ ಕಡೆಯವರ ಫೋನಿನಲ್ಲಿ ಹೆಸರಿನ ಬದಲು ಬರೀ ತಾರೀಕು ಮತ್ತು ಸಂಖ್ಯೆ ಕೂರುವುದು ಸಾಮಾನ್ಯ. ಒಳಗೆ ಬರೆದದ್ದು ಜೊತೆಗೇ ಹೋಗುತ್ತದೆ. ಹಾಗಾಗಿ ಟ್ಯಾಗ್ ಬೇಕು. ಆದರೆ ಇರುವ ಖಾನೆಗಳನ್ನೆಲ್ಲ ತುಂಬಿಸುವ ಹಟ ಬೇಡ. ಸಿನಿಮಾ ಹಾಡಿನ ವಿವರ ನಾಳೆಯೂ ಎಲ್ಲಿಯಾದರೂ ಸಿಕ್ಕೀತು. ಗದ್ದೆಯಲ್ಲಿ ನಡೆದ ಒಂದು ಬಯಲಾಟದ ವಿವರ ಬಲ್ಲವರು ಅಲ್ಲಿ ಕೂತವರು ಮಾತ್ರ. ಸಮಯವನ್ನು ಅದಕ್ಕೆ ಕೊಡಿ.

ಕೈ ಹಾಕುವ ಮುನ್ನ

ಮೊದಲು ಇಡೀ ಸಂಗ್ರಹವನ್ನು ಇನ್ನೊಂದು ಹಾರ್ಡ್ ಡಿಸ್ಕಿಗೆ ನಕಲು ಮಾಡಿ. ಟ್ಯಾಗ್ ಹಾಕಿದರೆ ಧ್ವನಿ ಕೆಡುತ್ತದೆ ಎಂಬ ಹೆದರಿಕೆಗೆ ಆಧಾರವಿಲ್ಲ, ಧ್ವನಿಯ ಭಾಗವನ್ನು ತಂತ್ರಾಂಶ ಮುಟ್ಟುವುದೇ ಇಲ್ಲ. ಕೆಡುವುದು ಬೇರೆ. ಟ್ಯಾಗ್ ಉಳಿಸಿದ ಕ್ಷಣ ಕಡತದ ‘ಮಾಡಿಫೈಡ್’ ತಾರೀಕು ಇವತ್ತಿನದಾಗುತ್ತದೆ. ಫೋನಿನಲ್ಲಿ ಹಿಡಿದ ಆಟಕ್ಕೆ ಎಷ್ಟೋ ಸಲ ಅದೊಂದೇ ದಿನಾಂಕದ ಪುರಾವೆ. ಅದನ್ನು ಮೊದಲು ಕಾಗದದಲ್ಲಿ ಗುರುತು ಮಾಡಿಕೊಳ್ಳಿ.

ವಿಂಡೋಸಿಗೆ ಎಂಪಿ3ಟ್ಯಾಗ್ ಸಾಕು, ಉಚಿತವಾಗಿ ಸಿಗುತ್ತದೆ. ಹೆಸರು ಹಾಗಿದ್ದರೂ ಎಂ4ಎ, ಫ್ಲ್ಯಾಕ್ ಕಡತಗಳಿಗೂ ಆಗುತ್ತದೆ. ಹಳೆಯ ತಾರೀಕನ್ನು ಹಾಗೇ ಉಳಿಸುವ ಆಯ್ಕೆ ಅದರ ಆಪ್ಷನ್ಸ್‌ನಲ್ಲಿದೆ, ಮೊದಲು ಅದಕ್ಕೆ ಟಿಕ್ ಹಾಕಿ. ಲಿನಕ್ಸ್ ಬಳಸುವವರಿಗೆ ಕಿಡ್3 ಇದೆ.

ಕ್ಯಾಸೆಟಿನಿಂದ ಇಳಿಸಿದ ಡಬ್ಲ್ಯುಎವಿ ಕಡತವಿದ್ದರೆ ಅದನ್ನು ಮುಟ್ಟದಿರುವುದೇ ವಾಸಿ. ಆ ಬಗೆಯಲ್ಲಿ ಟ್ಯಾಗ್ ಇಡಲು ಬಂದರೂ ಅನೇಕ ಪ್ಲೇಯರುಗಳು ಅದನ್ನು ಓದುವುದಿಲ್ಲ. ಸಿಡಿ ಗುಣಮಟ್ಟದ ಒಂದು ಗಂಟೆಗೆ ಸುಮಾರು 635 ಎಂಬಿ ಜಾಗವೂ ಬೇಕು. ಕಾಪಿಡಲು ಫ್ಲ್ಯಾಕ್ ಮಾಡಿಕೊಳ್ಳಿ, ಧ್ವನಿ ಒಂದಿಷ್ಟೂ ಕಳೆಯದೆ ಗಾತ್ರ ಸುಮಾರು ಅರ್ಧಕ್ಕೆ ಬರುತ್ತದೆ. ಕಾರಿಗೆ, ಫೋನಿಗೆ ಎಂಪಿ3.

ಯಾವ ಖಾನೆಗೆ ಏನು

ತೊಡಕು ಇರುವುದು ಇಲ್ಲಿ. ಟ್ಯಾಗಿನ ಖಾನೆಗಳನ್ನು ಮಾಡಿದವರ ಕಣ್ಣೆದುರು ಇದ್ದದ್ದು ಮೂರು ನಾಲ್ಕು ನಿಮಿಷದ ಹಾಡು, ಒಬ್ಬ ಗಾಯಕ, ಒಂದು ಆಲ್ಬಂ. ರಾತ್ರಿಯಿಡೀ ಆಡುವ ಆಟವನ್ನು ಅದರೊಳಗೆ ಕೂರಿಸಲು ನಮ್ಮದೇ ಒಂದು ಕ್ರಮ ಬೇಕು.

‘ಟೈಟಲ್’ ಖಾನೆಗೆ ಪದದ ಮೊದಲ ಸಾಲು. ಇಡೀ ಆಟವನ್ನು ತುಂಡು ಮಾಡಿದ್ದರೆ ಸನ್ನಿವೇಶದ ಹೆಸರು. ‘ಆಲ್ಬಂ’ ಖಾನೆಗೆ ದಿನಾಂಕ, ಪ್ರಸಂಗ, ಆಟ ನಡೆದ ಊರು. ದಿನಾಂಕವನ್ನು ಇಸವಿ, ತಿಂಗಳು, ದಿನ ಎಂಬ ಕ್ರಮದಲ್ಲಿ ಮುಂದೆ ಬರೆದರೆ, ಅಂದರೆ 2012-02-14 ಕರ್ಣಪರ್ವ ಎಂಬಂತೆ, ಆಟಗಳು ತಮ್ಮಷ್ಟಕ್ಕೇ ಸಾಲಾಗಿ ನಿಲ್ಲುತ್ತವೆ. ಆಟ ಬೆಳಗ್ಗೆ ಮುಗಿಯುವುದರಿಂದ ಎರಡು ತಾರೀಕಿನ ಗೊಂದಲ ಬರುತ್ತದೆ. ಆಟಕ್ಕೆ ಮೊದಲು ಚೌಕಿಯಲ್ಲಿ, ಅಂದರೆ ಬಣ್ಣದ ಮನೆಯಲ್ಲಿ, ಚೌಕಿಪೂಜೆ ಆದ ದಿನವನ್ನೇ ಹಿಡಿಯಿರಿ. ಬರೀ ‘2012ರ ತಿರುಗಾಟ’ ಎಂದರೆ ಸಾಲದು. ಮೇಳ ಊರೂರಿಗೆ ಹೋಗಿ ಆಡುವ ಈ ತಿರುಗಾಟ ನವೆಂಬರಿನಲ್ಲಿ ಹೊರಟು ಮೇ ತಿಂಗಳಲ್ಲಿ ಮುಗಿಯುವುದರಿಂದ ಎರಡು ಇಸವಿಗೆ ಹಂಚಿಹೋಗುತ್ತದೆ.

‘ಆರ್ಟಿಸ್ಟ್’ ಪದ ಹೇಳುವ ಭಾಗವತರು. ‘ಆಲ್ಬಂ ಆರ್ಟಿಸ್ಟ್’ ಎಂಬ ಇನ್ನೊಂದು ಖಾನೆಯನ್ನು ಹೆಚ್ಚಿನವರು ಖಾಲಿ ಬಿಡುತ್ತಾರೆ. ಅಲ್ಲಿ ಮೇಳದ ಹೆಸರು ಬರಬೇಕು. ಯಾಕೆಂದರೆ ಒಂದು ಆಟಕ್ಕೆ ಒಬ್ಬರೇ ಭಾಗವತರಲ್ಲ. ಪೂರ್ವರಂಗಕ್ಕೆ ಒಬ್ಬರು, ಪ್ರಸಂಗ ಕಳೆಗಟ್ಟಿದ ಮೇಲೆ ಪ್ರಧಾನ ಭಾಗವತರು, ನಡುವೆ ಮತ್ತೊಬ್ಬರು. ಈ ಖಾನೆ ಖಾಲಿಯಿದ್ದರೆ ಎಷ್ಟೋ ಪ್ಲೇಯರುಗಳು ಒಂದೇ ರಾತ್ರಿಯ ಆಟವನ್ನು ಮೂರು ಆಲ್ಬಂ ಮಾಡಿ ಮೂರು ಮೂಲೆಗೆ ಎಸೆಯುತ್ತವೆ. ಮೇಳದ ಹೆಸರು ಕೂತರೆ ಎಲ್ಲವೂ ಒಂದೇ ಕಡೆ. ವೇಷವಿಲ್ಲದೆ ಕೂತು ಮಾತಾಡುವ, ಸಂಘ ಸಂಸ್ಥೆಯ ತಾಳಮದ್ದಳೆಯಾದರೆ ಕೂಟ ಏರ್ಪಡಿಸಿದ ಸಂಘದ ಹೆಸರು ಹಾಕಬಹುದು.

‘ಕಂಪೋಸರ್’ ಪ್ರಸಂಗಕರ್ತ. ಒಂದೇ ಕತೆಗೆ ಬೇರೆ ಬೇರೆ ಕವಿಗಳ ಪ್ರಸಂಗಗಳಿರುವುದರಿಂದ ಖಚಿತ ಗೊತ್ತಿದ್ದರೆ ಮಾತ್ರ ಬರೆಯಿರಿ. ‘ಜಾನರ್’ ಖಾನೆಯ ಮೂಲ ಪಟ್ಟಿಯಲ್ಲಿದ್ದ 80 ಬಗೆಗಳಲ್ಲಿ ಯಕ್ಷಗಾನ ಇರಲಿಲ್ಲ, ಇರುವ ಸಾಧ್ಯತೆಯೂ ಇರಲಿಲ್ಲ. ಈಗ ಬೇಕಾದ್ದನ್ನು ಬರೆಯಬಹುದು: ತೆಂಕು, ಬಡಗು (ಯಕ್ಷಗಾನದ ಎರಡು ಶೈಲಿಗಳು), ತಾಳಮದ್ದಳೆ. ಮೂರೇ ಸಾಕು.

ಉಳಿದದ್ದೆಲ್ಲ ‘ಕಾಮೆಂಟ್’ ಖಾನೆಗೆ. ಚೆಂಡೆ ಯಾರು, ಮದ್ದಳೆ ಯಾರು, ವೇಷಧಾರಿಗಳು ಅಥವಾ (ತಾಳಮದ್ದಳೆಯಲ್ಲಿ ಮಾತಾಡುವ) ಅರ್ಥಧಾರಿಗಳು ಯಾರು, ರೆಕಾರ್ಡ್ ಮಾಡಿದವರು ಯಾರು, ಕ್ಯಾಸೆಟಿನ ಯಾವ ಬದಿ. ಹಿಮ್ಮೇಳದವರ, ಅಂದರೆ ಹಾಡು ಮತ್ತು ವಾದ್ಯದವರ, ಹೆಸರು ಕರಪತ್ರದಲ್ಲಿ ಸಣ್ಣಕ್ಷರದಲ್ಲಿ ಇರುತ್ತದೆ, ಕೆಲವೊಮ್ಮೆ ಅದೂ ಇರುವುದಿಲ್ಲ. ಹಾಗಾಗಿ ನನ್ನ ಮಟ್ಟಿಗೆ ಎಲ್ಲಕ್ಕಿಂತ ಬೆಲೆಬಾಳುವ ಖಾನೆ ಇದೇ.

‘ಇಯರ್’ ಖಾನೆಯಲ್ಲಿ ಆಟ ನಡೆದ ಇಸವಿ ಇರಲಿ, ಕ್ಯಾಸೆಟನ್ನು ಕಂಪ್ಯೂಟರಿಗೆ ಇಳಿಸಿದ ಇಸವಿ ಅಲ್ಲ. ಭಾಗವತ ಕಾಳಿಂಗ ನಾವಡರು ತೀರಿಕೊಂಡದ್ದು 1990ರಲ್ಲಿ. ಅವರ ಪದಕ್ಕೆ 2009 ಎಂಬ ಇಸವಿ ಕಂಡರೆ ಅದು ಯಾರೋ ಎಂಪಿ3 ಮಾಡಿದ ವರ್ಷ. ಗೊತ್ತಿಲ್ಲದಿದ್ದರೆ ಖಾಲಿ ಬಿಡಿ. ಧ್ವನಿಯ ಬಗ್ಗೆ ಅನುಮಾನವಿದ್ದರೆ ಹೆಸರಿನ ಮುಂದೆ ಪ್ರಶ್ನೆ ಗುರುತು ಹಾಕಿ. ತಪ್ಪು ಹೆಸರು ನಾಲ್ಕು ಮಂದಿಗೆ ಫಾರ್ವರ್ಡ್ ಆದರೆ ಮತ್ತೆ ಅದೇ ಸರಿಯಾಗಿಬಿಡುತ್ತದೆ.

ಕನ್ನಡದಲ್ಲಿ ಬರೆಯುವಾಗ

ಎಂಪಿ3ಗೆ ಟ್ಯಾಗ್ ಬಂದದ್ದು 1996ರಲ್ಲಿ, ಐಡಿ3 ಎಂಬ ಹೆಸರಿನಲ್ಲಿ. ಕಡತದ ಬಾಲದಲ್ಲಿ 128 ಬೈಟ್ ಜಾಗ, ಅದರಲ್ಲಿ ಶೀರ್ಷಿಕೆಗೆ 30. ಅಕ್ಷರಗಳನ್ನು ಬೈಟುಗಳಾಗಿ ಬರೆಯುವ ಇವತ್ತಿನ ಪದ್ಧತಿಯಾದ ಯುಟಿಎಫ್-8ರಲ್ಲಿ ಕನ್ನಡದ ಅಕ್ಷರ, ಕಾಗುಣಿತ, ಒತ್ತಿನ ಒಂದೊಂದು ಚಿಹ್ನೆಗೂ ಮೂರು ಬೈಟ್ ಬೇಕು. ‘ಕೃಷ್ಣಸಂಧಾನ’ ಎಂದು ಬರೆಯುವಷ್ಟರಲ್ಲಿ ಆ ಮೂವತ್ತೂ ಖರ್ಚು! 1998ರಲ್ಲಿ ಬಂದ ಎರಡನೇ ಆವೃತ್ತಿ ಟ್ಯಾಗನ್ನು ಕಡತದ ತಲೆಗೆ ತಂದಿತು, ಉದ್ದದ ಮಿತಿಯನ್ನೂ ಸಡಿಲಿಸಿತು. ನೀವು ಆರಿಸಬೇಕಾದದ್ದು 2.3 ಆವೃತ್ತಿ, ಯುಟಿಎಫ್-16. ಎಂಪಿ3ಟ್ಯಾಗ್ ತಾನಾಗಿ ಬರೆಯುವುದೂ ಅದನ್ನೇ. 2.4 ಹೊಸದಾದರೂ ಹಳೆಯ ಪ್ಲೇಯರುಗಳಿಗೆ ಹಿಡಿಸುವುದಿಲ್ಲ.

ಹಳೆಯ ಕಡತಗಳಲ್ಲಿ ಕನ್ನಡದ ಬದಲು ಚುಕ್ಕೆ ಗೆರೆ ಹೊತ್ತ ವಿಚಿತ್ರ ರೋಮನ್ ಅಕ್ಷರಗಳು ಕಂಡರೆ ಅಳಿಸಬೇಡಿ. ಅದು ಯೂನಿಕೋಡ್ ಬರುವ ಮೊದಲಿನ ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಅಕ್ಷರ ಇರಬಹುದು. ಪರಿವರ್ತಕಕ್ಕೆ ಹಾಕಿದರೆ ಹೆಸರು ಮರಳಿ ಸಿಗುತ್ತದೆ.

ಹೆಸರಿನ ಕಾಗುಣಿತ ಒಂದೇ ಇರಲಿ. ಕಾಳಿಂಗ ನಾವಡ, ಕಾಳಿಂಗ ನಾವುಡ, ಗುಂಡ್ಮಿ ಕಾಳಿಂಗ ನಾವಡ: ಕಂಪ್ಯೂಟರಿನ ಲೆಕ್ಕಕ್ಕೆ ಇವರು ಮೂವರು. ಇದರ ತಿರುವುಮುರುವೂ ಉಂಟು. ಬಲಿಪ ನಾರಾಯಣ ಭಾಗವತರು ಅಜ್ಜ ಒಬ್ಬರು, ಮೊಮ್ಮಗ ಒಬ್ಬರು. ಹಿರಿಯ, ಕಿರಿಯ ಎಂದು ಬರೆಯದಿದ್ದರೆ ಇಬ್ಬರೂ ಒಬ್ಬರಾಗುತ್ತಾರೆ. ಹೆಸರುಗಳನ್ನೆಲ್ಲ ಒಂದು ಕಡೆ ಬರೆದಿಟ್ಟು, ಅಲ್ಲಿಂದಲೇ ನಕಲು ಮಾಡಿ ಅಂಟಿಸುವುದು ಕ್ಷೇಮ.

ಕಾರಿನ ಸ್ಟೀರಿಯೊದಲ್ಲಿ ಕನ್ನಡದ ಜಾಗಕ್ಕೆ ಚೌಕಗಳು ಬರುತ್ತವೆಯೇ? ಟ್ಯಾಗ್ ಕನ್ನಡದಲ್ಲೇ ಇರಲಿ, ಕಡತದ ಹೆಸರನ್ನು ರೋಮನ್ ಲಿಪಿಯಲ್ಲಿ ಕೊಡಿ. ಮುಂದೆ 01, 02 ಎಂದು ಸೊನ್ನೆ ಸೇರಿಸಿ ಸಂಖ್ಯೆ ಇರಲಿ. ಇಲ್ಲದಿದ್ದರೆ ಕೆಲವು ಸ್ಟೀರಿಯೊಗಳು 1 ಆದ ಮೇಲೆ 10ಕ್ಕೆ ಹಾರಿ, ಪಾತ್ರಗಳು ಮೊದಲು ರಂಗಕ್ಕೆ ಬರುವ ಒಡ್ಡೋಲಗ ಮುಗಿಯುವ ಮೊದಲೇ ಯುದ್ಧ ಶುರುವಾಗುತ್ತದೆ.

ಕಿತ್ತು ಹಾಕುವುದು

ಡೌನ್‌ಲೋಡ್ ತಾಣಗಳು ಟೈಟಲ್, ಆಲ್ಬಂ, ಕಾಮೆಂಟ್ ಎಲ್ಲದಕ್ಕೂ ತಮ್ಮ ವಿಳಾಸ ಅಂಟಿಸಿರುತ್ತವೆ. ಕಡತಗಳನ್ನು ಒಟ್ಟಿಗೆ ಆರಿಸಿ, ಆ ಖಾನೆಗೆ ‘ಬ್ಲ್ಯಾಂಕ್’ ಕೊಟ್ಟು ಉಳಿಸಿದರೆ ಒಂದೇ ಏಟಿಗೆ ಹೋಗುತ್ತದೆ. ಉಳಿದ ಖಾನೆಗಳಲ್ಲಿ ‘ಕೀಪ್’ ಇದೆಯೇ ಎಂದು ನೋಡಿಕೊಳ್ಳಿ. ಐಟ್ಯೂನ್ಸಿನಲ್ಲಿ ಕೊಂಡ ಹಾಡಿನ ಕಡತದೊಳಗೆ ಕೊಂಡವರ ಹೆಸರು, ಇಮೇಲ್ ಇರುತ್ತದೆ ಎಂಬುದೂ ನೆನಪಿರಲಿ.

ಟ್ಯಾಗಿನೊಳಗೆ ಚಿತ್ರ ಇಡುವುದಾದರೆ 500 ಪಿಕ್ಸೆಲ್ ಅಗಲ ಸಾಕು. ಫೋನಿನಲ್ಲಿ ತೆಗೆದ 3 ಎಂಬಿ ಫೋಟೊವನ್ನು ಒಂದು ಆಟದ ಇಪ್ಪತ್ತು ತುಂಡುಗಳಿಗೂ ತುರುಕಿದರೆ 60 ಎಂಬಿ ದಂಡ. ಆಟದ ಕರಪತ್ರದ ಫೋಟೊ ಇದ್ದರೆ ಅದನ್ನು ಓದಲು ಬರುವಷ್ಟು ದೊಡ್ಡದಾಗಿಯೇ ಫೋಲ್ಡರಿನಲ್ಲಿ ಬೇರೆಯಾಗಿ ಇಡಿ.

ಮ್ಯೂಸಿಕ್‌ಬ್ರೇನ್ಸ್ ಪಿಕಾರ್ಡ್‌ನಂಥ ತಂತ್ರಾಂಶ ಧ್ವನಿಯ ಗುರುತು ಹಿಡಿದು ತಾನೇ ಟ್ಯಾಗ್ ತುಂಬಬಲ್ಲದು. ಸಿನಿಮಾ ಹಾಡು, ಸಿಡಿಯಲ್ಲಿ ಬಂದ ಕಛೇರಿಗಳಿಗೆ ಅದನ್ನು ಧಾರಾಳ ಬಳಸಿ. ಮನೆಯಲ್ಲಿ ಹಿಡಿದ ಆಟಕ್ಕೆ ಬೇಡ. ಅದರ ದಾಖಲೆಯಲ್ಲಿ ನಿಮ್ಮೂರಿನ ಆಟ ಇರುವುದಿಲ್ಲ. ಸಿಕ್ಕಿತು ಎಂದು ಹೇಳಿದರೂ ತಪ್ಪು ಇರುವ ಸಂಭವವೇ ಹೆಚ್ಚು.

ಎಲ್ಲ ಮುಗಿದ ಮೇಲೆ ಎಂಪಿ3ಟ್ಯಾಗಿನ ಎಕ್ಸ್‌ಪೋರ್ಟ್ ಒತ್ತಿ ಇಡೀ ಪಟ್ಟಿಯನ್ನು ಸಿಎಸ್‌ವಿ ಕಡತವಾಗಿ ಇಳಿಸಿಕೊಳ್ಳಿ, ಎಕ್ಸೆಲ್‌ನಲ್ಲಿ ತೆರೆಯುತ್ತದೆ. ಅದರ ಒಂದು ಪ್ರಿಂಟ್ ತೆಗೆದು, ಪ್ರಶ್ನೆ ಗುರುತು ಹಾಕಿದ ಸಾಲುಗಳಿಗೆ ಗೆರೆ ಎಳೆದಿಟ್ಟುಕೊಳ್ಳಿ. ಮುಂದಿನ ತಿರುಗಾಟದಲ್ಲಿ ಚೌಕಿಗೆ ಹೋದಾಗ, ಇಲ್ಲವೇ ಆಷಾಢದ ತಾಳಮದ್ದಳೆಯಲ್ಲಿ ಹಳೆಯ ಹಿಮ್ಮೇಳದವರು ಸಿಕ್ಕಾಗ, ಇಯರ್‌ಫೋನ್ ಕೊಟ್ಟು ಕೇಳಿಸಿದರೆ ಒಂದೊಂದೇ ಗುರುತು ಅಳಿಸಬಹುದು.