ಹಂಡೆಯ ಕೆಂಪು ಪೊರೆಯಿಂದ ಕರೆಂಟು

ಬಚ್ಚಲ ಹಂಡೆಗೆ ಹುಣಸೆಹಣ್ಣು ಹಚ್ಚಿ ತಿಕ್ಕಿ ಫಳಫಳ ಮಾಡುವಾಗ ನಾವು ಚರಂಡಿಗೆ ಬಿಡುವುದು ಬರೀ ಕೊಳೆಯನ್ನಲ್ಲ, ಒಂದು ಅರೆವಾಹಕವನ್ನು, ಅಂದರೆ ಲೋಹದಷ್ಟು ಸಲೀಸಾಗಿ ಅಲ್ಲದಿದ್ದರೂ ಒಂದಿಷ್ಟು ವಿದ್ಯುತ್ ಹರಿಸುವ ವಸ್ತುವನ್ನು. ತಾಮ್ರದ ಮೇಲೆ ಕೂರುವ ಆ ಕಂದುಗೆಂಪು ಪೊರೆಯ ಹೆಸರು ಕ್ಯುಪ್ರಸ್ ಆಕ್ಸೈಡ್. ಅಮೆರಿಕದ ಬೆಲ್ ಪ್ರಯೋಗಾಲಯದವರು 1954ರಲ್ಲಿ ಸಿಲಿಕಾನ್ ಸೌರಕೋಶ ತೋರಿಸುವುದಕ್ಕೂ ಎಷ್ಟೋ ಮೊದಲೇ, ಬೆಳಕು ಬಿದ್ದರೆ ಇದು ವಿದ್ಯುತ್ ಕೊಡುತ್ತದೆ ಎಂಬುದು ಗೊತ್ತಿತ್ತು. ಆ ಪೊರೆಯನ್ನು ಮನೆಯಲ್ಲೇ ಬೆಳೆಸಿ, ಬಿಸಿಲಿಗೆ ಹಿಡಿದು, ಮೀಟರಿನ ಅಂಕಿ ಏರುವುದನ್ನು ನೋಡಬಹುದು. ಬಲ್ಬು ಉರಿಯುವುದಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಕಾಲ ನೋಡಿಕೊಳ್ಳಿ. ಆಗುಂಬೆ, ಹೊಸನಗರದ ಕಡೆಯವರು ಜೂನ್‌ನಲ್ಲಿ ಕೈಹಾಕಿದರೆ ಬಿಸಿಲೂ ಇಲ್ಲ, ಕರೆಂಟೂ ಇಲ್ಲ. ಅಂಗಳದಲ್ಲಿ ಅಡಿಕೆ ಹರವುವ ದಿನಗಳೇ ಇದಕ್ಕೂ ಸರಿ.

ಏನೇನು ಬೇಕು

ಶಿವಮೊಗ್ಗದ ಗಾಂಧಿ ಬಜಾರಿನಂಥ ಕಡೆ ಪಾತ್ರೆ ಅಂಗಡಿಯಲ್ಲಿ ವಿಚಾರಿಸಿದರೆ ತಾಮ್ರದ ತಗಡು ಸಿಗುವ ಜಾಗ ಹೇಳುತ್ತಾರೆ. ಕತ್ತರಿಗೆ ಬಗ್ಗುವಷ್ಟು ತೆಳ್ಳಗಿರಲಿ, ಅಂಗೈ ಅಗಲದ ಎರಡು ತುಂಡು ಸಾಕು. ಹಿತ್ತಾಳೆ ಬೇಡ: ಅದರಲ್ಲಿರುವ ಸತು ಬೇರೆಯದೇ ಆಕ್ಸೈಡ್ ಮಾಡುತ್ತದೆ, ಕಾಸಿದರೆ ಹೊಗೆಯೂ ಒಳ್ಳೆಯದಲ್ಲ. ತಾಮ್ರದ ನೀರು ಕೊಟ್ಟ ಕಬ್ಬಿಣವನ್ನೂ ಕೆಲವೊಮ್ಮೆ ತಾಮ್ರ ಎಂದೇ ಕೊಡುತ್ತಾರೆ. ಆಯಸ್ಕಾಂತ ಅಂಟಿದರೆ ವಾಪಸ್ ಕೊಟ್ಟುಬಿಡಿ.

ಉಳಿದದ್ದು ಸುಲಭ. ಮೈಕ್ರೋಆಂಪಿಯರ್ ತೋರಿಸುವ ಮಲ್ಟಿಮೀಟರ್, ಕ್ಲಿಪ್ ಇರುವ ಎರಡು ವೈರು, ಮರಳು ಕಾಗದ, ಉಪ್ಪು, ಕತ್ತು ಕೊಯ್ದ ಅಗಲ ಬಾಯಿಯ ಪ್ಲಾಸ್ಟಿಕ್ ಬಾಟಲಿ.

ಒಲೆಯ ವಿಷಯದಲ್ಲಿ ಮಾತ್ರ ಹುಷಾರು. ಮಣ್ಣಿನ ಬಿಲ್ಲೆಯ ಕಾಲುವೆಯಲ್ಲಿ ಬರೀ ತಂತಿ ಸುರುಳಿ ಕಾಣುವ ಹಳೇ ಕರೆಂಟು ಒಲೆಯ ಮೇಲೆ ತಗಡು ಇಡಲೇಬಾರದು. ತಂತಿಯಲ್ಲಿ ಕರೆಂಟು ಹರಿಯುತ್ತಿರುತ್ತದೆ, ತಗಡು ತಾಗಿದರೆ ಶಾಕ್. ತಂತಿ ಲೋಹದ ಕೊಳವೆಯೊಳಗೆ ಮುಚ್ಚಿಕೊಂಡಿದ್ದು, ಜಿಲೇಬಿ ಹಾಗೆ ಸುತ್ತಿ ಕೆಂಪಗೆ ಕಾಯುವ ಒಲೆ ಬೇಕು. ಇಂಡಕ್ಷನ್ ಒಲೆ ಇದಕ್ಕೆ ಆಗುವುದಿಲ್ಲ. ಬಚ್ಚಲ ಒಲೆಯ ಕೆಂಡದ ಮೇಲೂ ನಾನು ಮಾಡಿ ನೋಡಿದ್ದೇನೆ. ಹೊಗೆಯಾಡಿದಲ್ಲಿ ಗಾಳಿ ಸಾಲದೆ ತಗಡು ಚಿಬ್ಬು ಹಿಡಿದವರ ಮೈಯಂತೆ ಮಚ್ಚೆ ಮಚ್ಚೆಯಾಯಿತು.

ಕಾಸುವುದು

ಒಂದು ತುಂಡನ್ನು ಮರಳು ಕಾಗದದಿಂದ ಉಜ್ಜಿ, ಸೋಪಿನಲ್ಲಿ ತೊಳೆದು ಒರೆಸಿ. ಆಮೇಲೆ ಅಂಚು ಹಿಡಿದೇ ಎತ್ತಿ. ಬೆರಳಿನ ಜಿಡ್ಡು ತಾಗಿದ ಕಡೆ ಪೊರೆ ಸರಿಯಾಗಿ ಏಳುವುದಿಲ್ಲ. ಒಲೆಯ ಮೇಲಿಟ್ಟು ಪೂರ್ತಿ ಉರಿ ಕೊಡಿ. ಕಿಟಕಿ ತೆಗೆದಿರಲಿ, ಮಕ್ಕಳು ಮಾಡುವುದಾದರೆ ದೊಡ್ಡವರೊಬ್ಬರು ಪಕ್ಕದಲ್ಲಿರಲಿ.

ಮೊದಲ ಕೆಲವು ನಿಮಿಷ ಕಣ್ಣು ಕೀಳಬೇಡಿ. ಕಿತ್ತಳೆ, ನೇರಳೆ, ನೀಲಿ ಅಲೆಗಳು ತಗಡಿನ ಮೇಲೆ ಹರಿದು ಹೋಗುತ್ತವೆ. ಇದು ಬಣ್ಣದ ವಸ್ತುವಿನಿಂದ ಬಂದದ್ದಲ್ಲ. ಮಳೆಗಾಲದಲ್ಲಿ ಬಸ್‌ಸ್ಟ್ಯಾಂಡಿನ ನೀರಿನ ಮೇಲೆ ಡೀಸೆಲ್ ಹನಿ ಹರಡಿದಾಗ ಕಾಣುವ ಕಾಮನಬಿಲ್ಲಿನ ಜಾತಿಯದೇ. ಪೊರೆಯ ಮೇಲ್ಮೈಯಿಂದ ಮರಳಿದ ಬೆಳಕು, ಅಡಿಯಿಂದ ಮರಳಿದ ಬೆಳಕು ಎರಡೂ ಸೇರುವಾಗ ಕೆಲವು ಬಣ್ಣ ಒಂದನ್ನೊಂದು ಅಳಿಸುತ್ತವೆ, ಕೆಲವು ಎದ್ದು ಕಾಣುತ್ತವೆ. ಯಾವುದು ಉಳಿಯುತ್ತದೆ ಎಂಬುದನ್ನು ಪೊರೆಯ ದಪ್ಪ ತೀರ್ಮಾನಿಸುತ್ತದೆ. ಈ ಹಂತದಲ್ಲಿ ದಪ್ಪ ಹತ್ತಾರರಿಂದ ನೂರಾರು ನ್ಯಾನೋಮೀಟರ್. ನಮ್ಮ ತಲೆಗೂದಲಿನದು ಸುಮಾರು 70,000 ನ್ಯಾನೋಮೀಟರ್. ಅಂದರೆ ಅಳತೆಪಟ್ಟಿಗೆ ಸಿಗದ ದಪ್ಪವನ್ನು ಬಣ್ಣ ನೋಡಿಯೇ ಹೇಳಬಹುದು. ಕಮ್ಮಾರರು ಇದನ್ನು ಓದು ಬರಹವಿಲ್ಲದೆ ಬಲ್ಲರು. ಉಕ್ಕಿನ ಕತ್ತಿಗೆ ಹದ ಕೊಡುವಾಗ ಒಣಹುಲ್ಲಿನ ಬಣ್ಣ ಬಂದರೆ ಸುಮಾರು 220 ಡಿಗ್ರಿ ಸೆಲ್ಸಿಯಸ್, ನೀಲಿಗೆ ತಿರುಗಿದರೆ 300ರ ಹತ್ತಿರ. ಅವರಿಗೆ ಥರ್ಮಾಮೀಟರ್ ಎಂದರೆ ಆಕ್ಸೈಡಿನ ಪೊರೆಯೇ.

ಸ್ವಲ್ಪ ಹೊತ್ತಿಗೆ ಬಣ್ಣವೆಲ್ಲ ಹೋಗಿ ತಗಡು ಕರ್ರಗಾಗುತ್ತದೆ. ಗಾಳಿಗೆ ಹತ್ತಿರವಿರುವ ಹೊರಪದರ ಹೆಚ್ಚು ಆಮ್ಲಜನಕ ಹೀರಿ ಕ್ಯುಪ್ರಿಕ್ ಆಕ್ಸೈಡ್ ಆಗಿದೆ. ಅದರಲ್ಲಿ ಒಂದು ತಾಮ್ರಕ್ಕೆ ಒಂದು ಆಮ್ಲಜನಕ. ಅದರಡಿ, ತಾಮ್ರಕ್ಕೆ ಅಂಟಿಕೊಂಡು, ಎರಡು ತಾಮ್ರಕ್ಕೆ ಒಂದು ಆಮ್ಲಜನಕದ ಕೆಂಪು ಪೊರೆ ಇದೆ. ನಮಗೆ ಬೇಕಾದ್ದು ಒಳಗಿನದು. ಕಪ್ಪು ಬಂತೆಂದು ಒಲೆ ಆರಿಸಬೇಡಿ. ಇನ್ನೂ ಅರ್ಧ ಗಂಟೆ ಹಾಗೇ ಕಾಯಲಿ. ಕಪ್ಪು ತೆಳ್ಳಗಿದ್ದರೆ ಕೆಂಪಿಗೆ ಕಚ್ಚಿಕೊಂಡೇ ಉಳಿಯುತ್ತದೆ, ದಪ್ಪಗಾದರೆ ತಾನೇ ಕಳಚುತ್ತದೆ.

ಆರಿಸುವುದು

ಕೆಲಸ ಕೆಡುವುದು ಇಲ್ಲೇ. ಒಲೆ ಆರಿಸಿ, ತಗಡನ್ನು ಅದರ ಮೇಲೇ ಬಿಡಿ. ಇಪ್ಪತ್ತು ನಿಮಿಷ ಯಾರೂ ಮುಟ್ಟಬಾರದು. ಮೊದಲ ಸಲ ನಾನು ಮಾಡಿದಾಗ ನಡುವೆಯೇ ಕರೆಂಟು ಹೋಗಿ, ಸಿಟ್ಟಿನಲ್ಲಿ ತಗಡನ್ನು ಇಕ್ಕಳದಲ್ಲಿ ಹಿಡಿದು ಬಕೆಟ್ ನೀರಿಗೆ ಅದ್ದಿದೆ. ಚುಂಯ್ ಅಂತ ಕಪ್ಪೂ ಹೋಯಿತು, ಕೆಂಪೂ ಹೋಯಿತು, ಕೈಯಲ್ಲಿ ಉಳಿದದ್ದು ಅಂಗಡಿಯಿಂದ ತಂದಂಥ ತಾಮ್ರ.

ಆರುವಾಗ ತಾಮ್ರ ಹೆಚ್ಚು ಕುಗ್ಗುತ್ತದೆ, ಆಕ್ಸೈಡ್ ಕಡಿಮೆ ಕುಗ್ಗುತ್ತದೆ. ಕೆಳಗಿನ ಚಾಪೆ ಸುರುಟಿದರೆ ಮೇಲಿನ ಹಪ್ಪಳ ಒಡೆಯುವ ಹಾಗೆ ಕಪ್ಪು ಪದರ ಬಿರಿದು ಚಟ್ ಚಟ್ ಎಂದು ಸಿಡಿಯುತ್ತದೆ. ಕಣ್ಣಿಗೆ ಹಾರದಂತೆ ಕನ್ನಡಕ ಹಾಕಿಕೊಳ್ಳಿ. ನಿಧಾನ ಆರಿದರೆ ಕಪ್ಪು ಮಾತ್ರ ಸಿಡಿದು ಕೆಂಪು ಉಳಿಯುತ್ತದೆ.

ಪೂರ್ತಿ ತಣ್ಣಗಾದ ಮೇಲೆ ನಲ್ಲಿಯ ಕೆಳಗೆ ಬೆರಳಿನಿಂದ ಮೆಲ್ಲಗೆ ಸವರಿ. ಹೆಚ್ಚಿನ ಕಪ್ಪು ಹೋಗುತ್ತದೆ. ಅಲ್ಲಲ್ಲಿ ಉಳಿದ ಚುಕ್ಕೆಯನ್ನು ಕೆರೆಯಲು ಹೋಗಬೇಡಿ, ತಗಡನ್ನು ಬಗ್ಗಿಸಲೂಬೇಡಿ.

ಒಣಗಿದ್ದಾಗಲೇ ಒಂದು ಪರೀಕ್ಷೆ

ತಗಡಿನ ಒಂದು ಮೂಲೆ ಉಜ್ಜಿ ತಾಮ್ರ ಕಾಣಿಸಿ. ಕೆಂಪಿನ ಮೇಲೆ ಅಲ್ಯೂಮಿನಿಯಂ ಹಾಳೆಯ ಚೂರು ಮಡಿಸಿಟ್ಟು ಒತ್ತಿ. ಮೀಟರನ್ನು ವಿದ್ಯುತ್ತಿನ ತಡೆ ಅಳೆಯುವ ಓಮ್‌ಗೆ ತಿರುಗಿಸಿ ಒಂದು ಕಡ್ಡಿ ತಾಮ್ರಕ್ಕೆ, ಒಂದು ಹಾಳೆಗೆ ತಾಗಿಸಿ. ಅಂಕಿ ನೋಡಿಕೊಂಡು ಕಡ್ಡಿಗಳನ್ನು ಅದಲು ಬದಲು ಮಾಡಿ. ಪೊರೆ ಗಟ್ಟಿಯಿರುವ ಜಾಗ ಸಿಕ್ಕರೆ ಎರಡು ಅಂಕಿ ಬೇರೆ ಬೇರೆ ಬರುತ್ತವೆ. ಆಕ್ಸೈಡಿನಿಂದ ತಾಮ್ರಕ್ಕೆ ವಿದ್ಯುತ್ ಸಲೀಸಾಗಿ ಹೋಗುತ್ತದೆ, ತಿರುಗಿ ಬರಲು ಸತಾಯಿಸುತ್ತದೆ. ಮೂರು ನಾಲ್ಕು ಕಡೆ ಒತ್ತಿ ನೋಡಿ, ಸೂಜಿಮೊನೆಯಷ್ಟು ತೂತಿದ್ದರೂ ಆಟ ಕೆಡುತ್ತದೆ.

ಈ ಏಕಮುಖ ಸಂಚಾರವನ್ನು ಅಮೆರಿಕದ ಗ್ರಾಂಡಾಲ್ ಎಂಬ ವಿಜ್ಞಾನಿ 1920ರ ದಶಕದಲ್ಲಿ ಬಳಕೆಗೆ ತಂದ. ಒಂದು ಕಡೆ ಆಕ್ಸೈಡ್ ಬೆಳೆಸಿದ ತಾಮ್ರದ ಬಿಲ್ಲೆಗಳನ್ನು ಸಾಲಾಗಿ ಪೋಣಿಸಿ ಬ್ಯಾಟರಿ ಚಾರ್ಜರುಗಳಿಗೆ ಹಾಕುತ್ತಿದ್ದರು. ಆಮೇಲೆ ಜರ್ಮೇನಿಯಂ, ಸಿಲಿಕಾನ್ ಬಂದು ತಾಮ್ರದ ಬಿಲ್ಲೆಗಳು ಗುಜರಿ ಸೇರಿದವು.

ಕಾರಣ ಹೀಗೆ. ಕೆಂಪು ಪೊರೆಯಲ್ಲಿ ಅಲ್ಲಲ್ಲಿ ತಾಮ್ರದ ಪರಮಾಣುವೇ ಇರುವುದಿಲ್ಲ. ಅದರಿಂದ ಎಲೆಕ್ಟ್ರಾನ್ ಇರಬೇಕಾದಲ್ಲಿ ಖಾಲಿ ಉಳಿಯುತ್ತದೆ. ತೀರ್ಥಹಳ್ಳಿ ಬಸ್ಸಿನಲ್ಲಿ ಮುಂದಿನ ಸೀಟು ಖಾಲಿಯಾದರೆ ಹಿಂದಿನವರು ಒಬ್ಬೊಬ್ಬರೇ ಮುಂದೆ ಬರುತ್ತಾರಲ್ಲ, ಸೀಟು ಹಿಂದೆ ಹಿಂದೆ ಹೋದಂತೆ ಕಾಣುತ್ತದೆ. ಹಾಗೆ ಈ ಖಾಲಿ ಜಾಗವೇ ಓಡಾಡಿ ವಿದ್ಯುತ್ ಒಯ್ಯುತ್ತದೆ. ತಾಮ್ರದಲ್ಲೋ ಎಲೆಕ್ಟ್ರಾನುಗಳು ತುಂಬಿ ತುಳುಕುತ್ತಿವೆ. ಎರಡೂ ತಾಗುವ ಗೆರೆಯಲ್ಲಿ ಎಲೆಕ್ಟ್ರಾನುಗಳು ಇತ್ತಿಂದತ್ತ ಹೋಗಿ, ಒಂದು ಕಡೆಯಿಂದ ದಾಟಲು ಸುಲಭ, ಇನ್ನೊಂದು ಕಡೆಯಿಂದ ಕಷ್ಟವಾದ ಒಂದು ದಿಬ್ಬ ಏಳುತ್ತದೆ. ತಾಮ್ರವೊಂದೇ ಇದ್ದರೆ ಈ ದಿಬ್ಬವಿಲ್ಲ, ಆಕ್ಸೈಡ್ ಒಂದೇ ಇದ್ದರೂ ಇಲ್ಲ. ಇರುವುದೆಲ್ಲ ಎರಡರ ನಡುವಿನ ಬೇಲಿಯ ಮೇಲೆಯೇ.

ಬೇಲಿಯ ಈ ಆಟವೇ ಇವತ್ತು ದೊಡ್ಡ ಸಂಶೋಧನೆ. ಲ್ಯಾಂಥನಂ ಅಲ್ಯೂಮಿನೇಟ್, ಸ್ಟ್ರಾನ್ಷಿಯಂ ಟೈಟನೇಟ್ ಎಂಬ ಎರಡು ಆಕ್ಸೈಡುಗಳಿವೆ, ಎರಡೂ ವಿದ್ಯುತ್ ಹರಿಸದ ಜಾತಿ. ಒಂದರ ಮೇಲೊಂದನ್ನು ಪರಮಾಣುಗಳ ಅಚ್ಚುಕಟ್ಟು ಪದರಗಳಾಗಿ ಕೂರಿಸಿದಾಗ ನಡುವಿನ ಸಂಧಿ ಲೋಹದಂತೆ ವಿದ್ಯುತ್ ಹರಿಸುತ್ತದೆ ಎಂದು ಒಟೊಮೊ ಮತ್ತು ಹ್ವಾಂಗ್ ಎಂಬ ವಿಜ್ಞಾನಿಗಳು 2004ರಲ್ಲಿ ತೋರಿಸಿದರು. ಮೇಲಿನ ಆಕ್ಸೈಡ್ ನಾಲ್ಕು ಪದರವಾದರೂ ಇರಬೇಕು, ಮೂರಕ್ಕೆ ನಿಂತರೆ ಹರಿಯುವುದಿಲ್ಲ. 2007ರಲ್ಲಿ ಅದೇ ಸಂಧಿ ಅತಿ ಶೀತದಲ್ಲಿ ಅತಿವಾಹಕವಾಗುವುದೂ, ಅಂದರೆ ತಡೆಯೇ ಇಲ್ಲದೆ ವಿದ್ಯುತ್ ಹರಿಸುವುದೂ ಗೊತ್ತಾಯಿತು. ಅಂಥ ಪೊರೆಗೆ ಲೇಸರ್, ನಿರ್ವಾತ ಕೋಣೆ ಎಲ್ಲ ಬೇಕು. ನಮ್ಮದು ಒಲೆ.

ಬಿಸಿಲಿಗೆ

ಬಾಟಲಿಯ ಎದುರು ಬದುರು ಗೋಡೆಗೆ ಎರಡು ತಗಡನ್ನೂ ನಿಲ್ಲಿಸಿ: ಒಂದು ಕಡೆ ಕೆಂಪು ಪೊರೆಯದು, ಇನ್ನೊಂದು ಕಡೆ ಉಜ್ಜಿದ ಬರೀ ತಾಮ್ರ. ಒಂದಕ್ಕೊಂದು ತಾಗಬಾರದು. ಬಿಸಿನೀರಿಗೆ ಎರಡು ದೊಡ್ಡ ಚಮಚ ಉಪ್ಪು ಕರಗಿಸಿ, ಆರಿದ ಮೇಲೆ ಸುರಿಯಿರಿ. ಮೇಲೆ ಒಂದು ಅಂಗುಲ ಒಣಗಿರಲಿ. ಅಲ್ಲಿ ಎರಡು ತಗಡಿಗೂ ಒಂದೊಂದು ಕ್ಲಿಪ್ಪು ಹಾಕಿ, ಮೈಕ್ರೋಆಂಪಿಯರ್‌ಗೆ ತಿರುಗಿಸಿದ ಮೀಟರಿಗೆ ಜೋಡಿಸಿ. ಕ್ಲಿಪ್ಪು ನೀರಿಗೆ ಮುಟ್ಟಬಾರದು.

ನೆರಳಿನಲ್ಲಿಯೂ ಮೀಟರ್ ಏನೋ ಒಂದಷ್ಟು ತೋರಿಸುತ್ತದೆ, ಉಪ್ಪುನೀರಿನಲ್ಲಿ ಎರಡು ಬೇರೆ ಮೈಗಳು ನಿಂತರೆ ಅದೂ ಒಂದು ಬ್ಯಾಟರಿಯೇ. ಅದನ್ನು ನೋಡಿ ಕುಣಿಯಬೇಡಿ. ಅಂಕಿ ನಿಲ್ಲುವ ತನಕ ಕಾದು, ಆಮೇಲೆ ಕೆಂಪು ಮುಖ ಬಿಸಿಲಿಗೆ ಬರುವಂತೆ ತಿರುಗಿಸಿ. ಕೆಲವು ಹತ್ತು ಮೈಕ್ರೋಆಂಪಿಯರ್‌ನಷ್ಟು ವ್ಯತ್ಯಾಸ ಬಂದರೆ ತಗಡು ಗೆದ್ದಿತು. ಅಂಗೈ ಅಡ್ಡ ಹಿಡಿದರೆ ಅಂಕಿ ಥಟ್ಟನೆ ಬದಲಾಗಬೇಕು. ನಿಧಾನ ಬದಲಾದರೆ ನೀರು ಕಾದಿದ್ದಕ್ಕೆ ಆದದ್ದು, ಬೆಳಕಿನದಲ್ಲ.

ಇನ್ನೊಂದು ಕುತೂಹಲ. ಹೂಗುಚ್ಛಕ್ಕೆ ಸುತ್ತುವ ಕೆಂಪು ಜಿಲೇಟಿನ್ ಕಾಗದವನ್ನು ಬಾಟಲಿಗೆ ಅಡ್ಡ ಹಿಡಿಯಿರಿ. ನಮ್ಮ ಕಣ್ಣಿಗೆ ಬೆಳಕು ಸಾಕಷ್ಟಿದ್ದರೂ ಬಿಸಿಲಿನಿಂದ ಬಂದ ಹೆಚ್ಚಳ ಬಹುಪಾಲು ಇಳಿದುಹೋಗುತ್ತದೆ. ಈ ಆಕ್ಸೈಡಿನಲ್ಲಿ ಎಲೆಕ್ಟ್ರಾನ್ ಜಿಗಿಯಲು ಸುಮಾರು 2.1 ಎಲೆಕ್ಟ್ರಾನ್ ವೋಲ್ಟ್‌ನಷ್ಟು ಶಕ್ತಿ ಬೇಕು. ಹಸಿರು, ನೀಲಿ ಬೆಳಕಿನ ಕಣಕ್ಕೆ ಅಷ್ಟು ಕಸುವಿದೆ, ಕೆಂಪಿಗಿಲ್ಲ. ಪೊರೆ ಕೆಂಪಗೆ ಕಾಣುವುದಕ್ಕೂ ಇದೇ ಕಾರಣ: ಬೇಕಾದ್ದನ್ನು ನುಂಗಿ ಬೇಡದ್ದನ್ನು ನಮ್ಮ ಕಣ್ಣಿಗೆ ಎಸೆಯುತ್ತದೆ.

ಆಯಸ್ಕಾಂತ ತಂದಿದ್ದೀರಲ್ಲ

ತಾಮ್ರದ ಆಕ್ಸೈಡ್ ಅದಕ್ಕೆ ಕ್ಯಾರೇ ಅನ್ನುವುದಿಲ್ಲ. ಊರ ಕುಲುಮೆಯ ಅಡಿಗಲ್ಲಿನ ಸುತ್ತ ಉದುರಿದ ಕಪ್ಪು ಹೆಕ್ಕಳೆ ತನ್ನಿ, ಪ್ಲಾಸ್ಟಿಕ್ ಸುತ್ತಿದ ಆಯಸ್ಕಾಂತ ಹಿಡಿಯಿರಿ. ನೆಗೆದು ಅಂಟುತ್ತದೆ. ಅದರಲ್ಲಿ ಮ್ಯಾಗ್ನೆಟೈಟ್ ಎಂಬ ಕಬ್ಬಿಣದ ಆಕ್ಸೈಡ್ ಇದೆ. ಕೆಂಪಗಿನ ತುಕ್ಕಿನ ಪುಡಿಗೆ ಆ ಉಮೇದಿಲ್ಲ. ಅಲ್ಲಿಯೂ ಕಬ್ಬಿಣ ಆಮ್ಲಜನಕವೇ, ಲೆಕ್ಕ ಮಾತ್ರ ಬೇರೆ. ಕೆಮ್ಮಣ್ಣುಗುಂಡಿಯಿಂದ ಭದ್ರಾವತಿಯ ಕುಲುಮೆಗೆ ಬರುತ್ತಿದ್ದ ಅದಿರು ಕೆಂಪು ಜಾತಿ, ಕುದುರೆಮುಖದ್ದು ಮ್ಯಾಗ್ನೆಟೈಟ್. ಅದಕ್ಕೇ ಕುದುರೆಮುಖದ ಪುಡಿಯನ್ನು ಆಯಸ್ಕಾಂತದಿಂದ ಬೇರ್ಪಡಿಸಲು ಸಾಧ್ಯವಾಯಿತು.

ಆಟ ಮುಗಿದ ಮೇಲೆ ಉಪ್ಪುನೀರನ್ನು ತೋಟದ ಬುಡಕ್ಕೆ ಸುರಿಯಬೇಡಿ, ತಾಮ್ರ ಬಿಟ್ಟುಕೊಂಡಿರುತ್ತದೆ. ಕೆಲವು ದಿನಕ್ಕೆ ಪೊರೆ ಸವೆದು ಹಸಿರು ಹಿಡಿಯುತ್ತದೆ. ಆಗ ವಾಟೆಹುಳಿಯೋ ಹುಣಸೆಯೋ ಹಚ್ಚಿ ತಿಕ್ಕಿ, ತೊಳೆದು ಒಣಗಿಸಿಟ್ಟರೆ ಅದೇ ತಗಡು ಮುಂದಿನ ಕಾಸುವಿಕೆಗೆ ತಯಾರು.